ಜಗುಲಿಯಷ್ಟೇ ಎತ್ತರದ ಸೀಟು

ಹಾಸನ
ಬುಧವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಕಿರಿ ಸೊಸೆ ಪ್ರತಿಭಾಳ ನಮಸ್ಕಾರಗಳು. ದಿನಾ ಫೋನು ಮಾಡುವವಳು ಇವತ್ತೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಕಾರು ಎಂದ ಕೂಡಲೇ ನೀವು "ಬ್ಯಾಡ ಬುಡವ್ವ" ಅಂತ ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಅರ್ಧಕ್ಕೆ ಬಿಡುವವರಲ್ಲ. ದಿನಸಿ ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಪೂರ್ತಿ ಓದಿಯೇ ಒಲೆಗೆ ಹಾಕುವವರು ನೀವು. ಆದ್ದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನಾವು ಕಾರು ತಗೊಂಡೆವು ಅತ್ತೆ! ಸೆಕೆಂಡ್ ಹ್ಯಾಂಡು, ಹತ್ತು ವರ್ಷದ್ದು, ಬದನೆಕಾಯಿ ಬಣ್ಣ. ನಿನ್ನೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಖುಷಿಯಲ್ಲಿ ಯಾರದೋ ರವಿಕೆಗೆ ಎಡದ ತೋಳನ್ನು ಬಲಕ್ಕೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದಿದ್ದೇನೆ.

ಕಾರಿನ ಕಥೆಗೆ ಮೊದಲು ಒಂದು ಹಳೇ ಮಾತು ಹೇಳಬೇಕು. ಎರಡು ವರ್ಷದ ಹಿಂದೆ ಚನ್ನರಾಯಪಟ್ಟಣದ ಮದುವೆ ಮುಗಿಸಿ ಹೊರಟಾಗ, ಬೀಗರ ಆ ಎತ್ತರದ ಕಾರು ಹತ್ತಲು ನಿಮ್ಮ ಮಂಡಿ ಬಗ್ಗಲಿಲ್ಲ. ಇಬ್ಬರು ಗಂಡಸರು ಕಂಕುಳಿಗೆ ಕೈ ಕೊಟ್ಟು ಎತ್ತಿ ಒಳಗೆ ಕೂರಿಸಿದರು. ಸೀರೆ ಮಂಡಿಯ ತನಕ ಸರಿಯಿತು, ಒಂದು ಚಪ್ಪಲಿ ಛತ್ರದ ಮೆಟ್ಟಿಲ ಮೇಲೆ ಬಿತ್ತು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ ಅತ್ತೆ. ನೀವು ನೋಡಿದಿರಿ. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ನಾನೇನು ಗೊಬ್ರದ ಮೂಟೆಯೇನವ್ವಾ, ಎತ್ತಾಕಕ್ಕೆ?" ಆವತ್ತಿನಿಂದ ನೀವು ನಮ್ಮೂರು ಕಟ್ಟಾಯ ಬಿಟ್ಟು ಕದಲಿಲ್ಲ. ಬಸ್ಸಿನ ಮೆಟ್ಟಿಲು ಆಗದು, ಕಾರು ಬೇಡ. ಹಿರೀಸಾವೆಯಲ್ಲಿರುವ ನಿಮ್ಮ ತಂಗಿ ಮಾದಮ್ಮನವರ ಮುಖ ನೋಡಿ ಎರಡು ವರ್ಷವಾಯಿತು. ನಾನು ನಕ್ಕಿದ್ದನ್ನು ನೀವು ಒಮ್ಮೆಯೂ ಎತ್ತಿ ಆಡಲಿಲ್ಲ. ಬೈದುಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೋದ ತಿಂಗಳು ಊರಿಗೆ ಬಂದಾಗ ನೀವು ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಿರಿ. ಒಳಗಿನಿಂದ ನಿಮ್ಮ ಹಿರಿ ಸೊಸೆ, ನಮ್ಮ ಅಕ್ಕ, ಕರೆದ ಕೂಡಲೇ, ಯಾರ ಕೈಯನ್ನೂ ಹಿಡಿಯದೆ, ಎಲ್ಲೂ ಕೈ ಊರದೆ, ಸಲೀಸಾಗಿ ಎದ್ದು ಹೋದಿರಿ. ಬಟ್ಟೆ ಹೊಲಿಯುವವಳ ಕಣ್ಣು ನನ್ನದು, ಸುಮ್ಮನಿರುತ್ತದೆಯೇ? ಸೂಜಿ ಬಿತ್ತು ಎಂದು ಬಗ್ಗಿ ಹುಡುಕಿದೆನಲ್ಲ, ಯಾವ ಸೂಜಿಯೂ ಬಿದ್ದಿರಲಿಲ್ಲ. ಟೇಪು ಹಿಡಿದು ಜಗುಲಿಯ ಎತ್ತರ ಅಳೆದುಕೊಂಡೆ. ಇಪ್ಪತ್ತೆರಡು ಇಂಚು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ತಿರುಗಾಟ. ಹಾಸನದಲ್ಲಿ ಹಳೇ ಕಾರು ಮಾರುವ ಜಾಗಕ್ಕೆ ಹೋದರೆ ನಿಮ್ಮ ಮಗ ಬಾನೆಟ್ಟಿನೊಳಗೆ ತಲೆ ಹಾಕಿದರು, ನಾನು ಹಿಂದಿನ ಬಾಗಿಲು ತೆಗೆದು ಟೇಪು ಹಾಕಿದೆ. ಮಾರುವವನು ಓಡಿಬಂದು, "ಸೀಟ್ ಕವರ್ ಹೊಲಿಸೋದಾ ಮೇಡಂ? ನಾವೇ ಹೊಸದು ಹಾಕ್ಸಿಕೊಡ್ತೀವಿ" ಅಂದ. ಆ ಕೆಂಪು ಕಾರು ಕಣ್ಣಿಗೆ ಹಬ್ಬ, ಸೀಟು ಮಾತ್ರ ಹದಿನೆಂಟೇ ಇಂಚು. ಹೊಳೆನರಸೀಪುರದಲ್ಲಿ ನೋಡಿದ್ದು ಜೀಪಿನ ಥರದ್ದು. ನಿಮ್ಮ ಮಗ ಅದರ ಸ್ಟೇರಿಂಗು ಹಿಡಿದವರು ಇಳಿಯಲೇ ಒಲ್ಲರು. ಇಪ್ಪತ್ತೊಂಬತ್ತು ಇಂಚು ಎಂದೆ. "ಎಲ್ರೂ ಇಂಜಿನ್ ನೋಡಿದ್ರೆ ನೀನು ಸೀಟು ಅಳೀತೀಯಲ್ಲೇ, ಇದೇನು ಕಾರೋ ರವಿಕೆಯೋ?" ಎಂದು ಮುಖ ಊದಿಸಿಕೊಂಡರು. ನಿಮಗಾಗಿ ಅಳೆಯುತ್ತಿದ್ದೇನೆ ಎಂದು ಅವರಿಗೆ ಮೊದಲ ಸಲ ಹೇಳಿದ್ದೇ ಆಗ. ವಾಪಸ್ಸು ಬರುವಾಗ ಅವರು ನನಗೆ ಮಲ್ಲಿಗೆ ಹೂವು ಕೊಡಿಸಿದರು.

ಚನ್ನರಾಯಪಟ್ಟಣದಲ್ಲಿ ಸರಿಯಾಗಿ ಇಪ್ಪತ್ತೆರಡು ಇಂಚಿನದು ಸಿಕ್ಕಿತು! ನಾನು ಅಲ್ಲೇ ಚಪ್ಪಾಳೆ ತಟ್ಟಿದೆ. ಕೂತು ನೋಡಿದಾಗಲೇ ತಪ್ಪು ಗೊತ್ತಾದದ್ದು. ಜಗುಲಿ ಕಲ್ಲಿನದು, ಇದು ಮೆತ್ತೆ, ಕೂತರೆ ತಗ್ಗುತ್ತದೆ! ನನ್ನಂಥ ಕಡ್ಡಿ ಕೂತರೇ ಹೀಗಾದರೆ, ನೀವು ಕೂತರೆ? ತಪ್ಪು ತಿಳಿಯಬೇಡಿ ಅತ್ತೆ, ನಿಮ್ಮ ಅಳತೆ ನನ್ನ ಪುಸ್ತಕದಲ್ಲಿದೆ. ಮನೆಗೆ ಬಂದು ಅದೇ ಪುಸ್ತಕ ತೆಗೆದೆ. ನಿಮ್ಮಷ್ಟೇ ಮೈಕಟ್ಟಿನವರು ಯಾರಿದ್ದಾರೆ ಎಂದು ಹುಡುಕಿದಾಗ, ನಮ್ಮ ಬೀದಿಗೆ ಸೊಪ್ಪು ತರುವ ನಂಜಮ್ಮನ ರವಿಕೆಯ ಅಳತೆ ನಿಮ್ಮದೇ, ಅರ್ಧ ಇಂಚೂ ಹೆಚ್ಚು ಕಮ್ಮಿ ಇಲ್ಲ. ಮಂಡಿ ನೋವೂ ಅಷ್ಟೇ. ಮಾರನೇ ದಿನ ಸೊಪ್ಪಿನ ಮಂಕರಿ ನಮ್ಮ ಮನೆಯಲ್ಲಿ ಇಳಿಸಿಕೊಂಡು, ಆಕೆಯನ್ನೂ ಕರೆದುಕೊಂಡು ಮತ್ತೆ ಹೋದೆವು. ನಂಜಮ್ಮ ಒಳಗೆ ಕೂತವಳೇ ಕೂಗಿದಳು: "ಬಾವಿಗೆ ಬಿದ್ದಂಗಾಯ್ತು ಕಣವ್ವ, ಎದ್ದೇಳಕ್ಕೆ ಅಗ್ಗ ಬೇಕು!" ಆ ಕಾರನ್ನೂ ಕೈಬಿಟ್ಟೆವು.

ನಿನ್ನೆ ನಂಜಮ್ಮನನ್ನೂ ಕರೆದುಕೊಂಡು ಅರಕಲಗೂಡಿಗೆ ಹೋಗಿದ್ದೆವು, ಹಾರ್ಡ್‌ವೇರ್ ಅಂಗಡಿಯ ಈಶ್ವರಯ್ಯನವರ ಮನೆಗೆ. ಬಾಗಿಲು ಅಗಲ, ತಲೆಗೆ ತಾಗದಷ್ಟು ಎತ್ತರದ ಕಾರು. ಸೀಟು ಇಪ್ಪತ್ತನಾಲ್ಕು ಇಂಚು. ನಂಜಮ್ಮ ಕೂತಳು, ಮೆತ್ತೆ ತಗ್ಗಿತು, ನಾನು ನೆಲಕ್ಕೆ ಕುಕ್ಕರಿಸಿ ಟೇಪು ಹಿಡಿದೆ. ಇಪ್ಪತ್ತೆರಡು! ನಂಜಮ್ಮ ಯಾರ ಕೈಯನ್ನೂ ಹಿಡಿಯದೆ ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಏಳು ಸಲ! "ಸಾಕಾ, ಇನ್ನೂ ಕೂತ್ಕಳ್ಳಾ?" ಎಂದು ಕೇಳುತ್ತ ಆಕೆಯೇ ನಗುತ್ತಿದ್ದಳು, ಆಕೆಗೂ ಹಾಗೆ ಏಳಲು ಆಗಿದ್ದು ಎಷ್ಟೋ ದಿನಕ್ಕಂತೆ. ಈಶ್ವರಯ್ಯನವರು ನೋಡುವಷ್ಟು ನೋಡಿ, "ಬಂದೋರೆಲ್ಲ ಎಷ್ಟು ಓಡೈತೆ ಅಂತ ಕೇಳ್ತಾರೆ. ಎಂಗೆ ಕೂತ್ಕಬೋದು ಅಂತ ನೋಡ್ದೋಳು ನೀನೊಬ್ಳೇ ಕಣವ್ವ" ಎಂದರು. ಜೊತೆಗೆ ಬಂದಿದ್ದ ನಮ್ಮ ಬೀದಿಯ ಮೆಕ್ಯಾನಿಕ್ ಇಂಜಿನ್ನೂ ಗಟ್ಟಿಯಾಗಿದೆ ಎಂದ. ಬಣ್ಣ ಮಾತ್ರ ನಿಮ್ಮ ಮಗನಿಗೆ ಸೇರಿಲ್ಲ. ಆದರೂ ಬೆಳಗಿನಿಂದ ಎರಡು ಸಲ ಒರೆಸಿದ್ದಾರೆ, ನೀವು ಕೇಳಿದರೆ ಇಲ್ಲ ಅನ್ನುತ್ತಾರೆ.

ಭಾನುವಾರ ಹತ್ತು ಗಂಟೆಗೆ ಕಾರು ಕಟ್ಟಾಯಕ್ಕೆ ಬರುತ್ತದೆ. ಜಗುಲಿಯ ಪಕ್ಕಕ್ಕೆ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದಿಟ್ಟು, ನಾನು ಮುಂದಿನ ಸೀಟಿನಲ್ಲಿ ಹೋಗಿ ಕೂರುತ್ತೇನೆ. ಯಾರೂ ನಿಮಗೆ ಕೈ ಕೊಡುವುದಿಲ್ಲ. ಯಾರೂ ಹಿಂದಕ್ಕೆ ತಿರುಗಿ ನೋಡುವುದಿಲ್ಲ, ನಿಮ್ಮ ಮಗನಿಂದಲೂ ಮಾತು ತಗೊಂಡಿದ್ದೇನೆ. ಅರ್ಧ ಗಂಟೆ ಬೇಕಾದರೂ ಹಿಡಿಯಲಿ. ಮನಸ್ಸು ಬಾರದಿದ್ದರೆ ಜಗುಲಿಯ ಮೇಲೆಯೇ ಕೂತಿರಿ; ಹಿರೀಸಾವೆಗೆ ನಾನಿನ್ನೂ ಹೇಳಿ ಕಳಿಸಿಲ್ಲ, ಯಾರಿಗೂ ಯಾವ ಉತ್ತರವನ್ನೂ ಕೊಡಬೇಕಿಲ್ಲ. ಆದರೆ ಬನ್ನಿ ಅತ್ತೆ. ನಿಮ್ಮನ್ನು ನೋಡಿ ಮಾದಮ್ಮನವರು ಬಾಗಿಲಲ್ಲಿ ಬೆರಗಾಗಿ ನಿಲ್ಲುವುದನ್ನು ನಾನು ನೋಡಬೇಕು.

ನೀವು ಕೂತು, ನಿಮ್ಮ ಕೈಯಾರೆ ಬಾಗಿಲು ಎಳೆದುಕೊಂಡ ಸದ್ದು ಕೇಳಿದ ಮೇಲೆಯೇ ಕಾರು ಹೊರಡುವುದು. ಹಿಂದಿನ ಸೀಟಿನಿಂದ ನನ್ನ ತಲೆ ನಿಮ್ಮ ಕೈಗೆ ಎಟಕುತ್ತದೆ, ಅದನ್ನೂ ಅಳೆದಿದ್ದೇನೆ. ಆಶೀರ್ವಾದ ಮಾಡಿದರೂ ಸರಿ, ಎರಡು ವರ್ಷದಿಂದ ಬಾಕಿ ಇರುವ ಮೊಟಕು ಕೊಟ್ಟರೂ ಸರಿ.

ತಲೆ ತಗ್ಗಿಸಿ ಕಾಯುವ,
ನಿಮ್ಮ ಸೊಸೆ
ಪ್ರತಿಭಾ