ಗುಬ್ಬಿ ಹಾಡಿದ ಸಂಜೆಯ ರೆಕಾರ್ಡಿಂಗು

ಮಾರ್ಚ್ 3, ಸಂಜೆ

ಹಗ್ಗಗಳನ್ನೆಲ್ಲ ತಡವಿ ನೋಡಿದೆ. ಒಂದೂ ಸವೆದಿಲ್ಲ. ಮೂವತ್ತೊಂದು ವರ್ಷದಿಂದ ಈ ಒಪೆರಾ ಥಿಯೇಟರಿನ ಪರದೆ ಎಳೆಯುವವನು ನಾನು. ನಾನು ಎಳೆಯದೆ ಇಲ್ಲಿ ಯಾವ ರಾಣಿಯೂ ಸತ್ತಿಲ್ಲ. ಇವನು ಯಾತಕ್ಕೂ ಬಾರದವನು ಎಂದಿದ್ದರು ಏಳನೇ ಕ್ಲಾಸಿನ ಮೇಷ್ಟ್ರು. ಪಾಪ, ನೋಡುವುದಕ್ಕೆ ಅವರೇ ಇಲ್ಲ.

ಮಧ್ಯಾಹ್ನ ಗುಬ್ಬಿಯ ಜೊತೆ ಡಾಕ್ಟರ ಹತ್ತಿರ ಹೋಗಿದ್ದೆ. ತಂಗಿ ತೀರಿಕೊಂಡ ಮೇಲೆ ಅವಳ ಈ ಮಗಳನ್ನು ಸಾಕಿದವನು ನಾನೇ. ನಮ್ಮ ಥಿಯೇಟರಿನಲ್ಲೇ ಹಿಮ್ಮೇಳದಲ್ಲಿ ಹಾಡುತ್ತಾಳೆ. ಗಂಟಲಲ್ಲಿ ಬೆಳೆದದ್ದು ಕೆಟ್ಟದ್ದಂತೆ. ಹದಿನೆಂಟಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಜೀವ ಉಳಿಯುತ್ತದೆ ಎಂದು ಡಾಕ್ಟರು ಎರಡು ಸಲ ಹೇಳಿದರು. ಅವಳು ಒಂದು ಸಲವೂ ತಲೆಯಾಡಿಸಲಿಲ್ಲ.

ಮಾರ್ಚ್ 6

ಗುಬ್ಬಿ ಮಾತು ಕಡಿಮೆ ಮಾಡಬೇಕಂತೆ. ಇಡೀ ದಿನ ಟೀವಿಯಲ್ಲಿ ಒಪೆರಾ ರೆಕಾರ್ಡಿಂಗು ಹಾಕಿಕೊಂಡು ಕೂರುತ್ತಾಳೆ. ಮೊದಲು ಮೂಗು ಮುರಿದೆ. ಫೋಟೋದಲ್ಲಿರುವ ಊಟಕ್ಕೆ ಕೈ ತೊಳೆದು ಕೂತ ಹಾಗೆ ಇದು ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಕೂತೆ.

ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷ ರಂಗದ ಪಕ್ಕದ ಸೈಡ್‌ವಿಂಗಿನಲ್ಲಿ ನಿಂತು ನಾನು ಕಂಡದ್ದು ಗಾಯಕಿಯರ ಬೆನ್ನು, ಕಿವಿ, ಬೆವರಿದ ಕತ್ತು. ಮುಖ ಕಂಡದ್ದು ಇವತ್ತು. ರೆಪ್ಪೆಯ ತುದಿಯ ನೀರೂ ಕಾಣುತ್ತದೆ. ಕೆಳಗೆ ಹಾಡಿನ ಅರ್ಥ ಅಕ್ಷರದಲ್ಲಿ ಬೇರೆ ಬರುತ್ತದೆ. ಆಟದಲ್ಲಿ ಬರುವ ಆ ಮುದುಕ ನಾಯಕಿಯ ಗಂಡ ಅಂದುಕೊಂಡಿದ್ದೆ — ಅಪ್ಪನಂತೆ. ನನ್ನ ಪಕ್ಕದಲ್ಲೇ ನಿಂತು ರಂಗಕ್ಕೆ ಬೆಳಕು ಬಿಡುವ ದೀಪದವನಿಗೆ ಎಷ್ಟೋ ವರ್ಷ ತಪ್ಪು ಕಥೆ ಹೇಳಿದ್ದೇನೆ. ಅದಕ್ಕೂ ಅತ್ತಿದ್ದಾನೆ, ಪುಣ್ಯಾತ್ಮ. ನಾನು ಕೂಡಿಸಿ ಕೂಡಿಸಿ ಓದುವವನು; ಗುಬ್ಬಿ ನನಗಾಗಿ ನಿಲ್ಲಿಸುತ್ತಾಳೆ. ಥಿಯೇಟರಿನಲ್ಲಿ ಯಾವ ಗಾಯಕಿ ನನಗೆ ಕಾದಾಳು?

ಸತ್ತು ಇಪ್ಪತ್ತು ವರ್ಷವಾದವಳೊಬ್ಬಳು ಹಾಡಿದಳು. ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಆಗ ಗುಬ್ಬಿ, ಒಡಕು ದನಿಯಲ್ಲಿ: "ಮಾವ, ನನ್ನದೂ ಒಂದು ಇರಬೇಕಲ್ವಾ?"

ಇದೆ. ನಾಲ್ಕು ವರ್ಷದ ಹಿಂದೆ, ದೊಡ್ಡ ಗಾಯಕಿಗೆ ಜ್ವರ ಬಂದು, ಒಂದೇ ಒಂದು ಸಂಜೆ ಗುಬ್ಬಿ ನಾಯಕಿಯಾಗಿದ್ದಳು. ಥಿಯೇಟರಿನವರು ಪ್ರತಿ ಆಟವನ್ನೂ ರೆಕಾರ್ಡ್ ಮಾಡಿಡುತ್ತಾರೆ. ತಂದೇ ತರುತ್ತೇನೆ, ಅಲ್ಲಿ ನನ್ನ ಮಾತು ಮೀರುವವರು ಯಾರಿದ್ದಾರೆ ಎಂದೆ.

ಮಾರ್ಚ್ 11

ಎಲ್ಲರೂ ಮೀರುತ್ತಾರೆ. ರೆಕಾರ್ಡಿಂಗು ನೋಡಿಕೊಳ್ಳುವ ಮೈಕಿನವನು ನಾಲ್ಕು ದಿನ ಸತಾಯಿಸಿ ಕೊಟ್ಟ. ಮೊದಲು ನೀನೊಬ್ಬನೇ ನೋಡು ಎಂದ. ನನ್ನ ಮುಖ ನೋಡಲಿಲ್ಲ.

ಮಾರ್ಚ್ 12

ದೀಪದವನ ಹೆಂಡತಿ ಗುಬ್ಬಿಯನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋದಾಗ ನೋಡಿದೆ.

ಮುಖ... ನನ್ನ ತಂಗಿಯದೇ. ಕೊನೆಯ ಹಾಡು, ವಿಷ ಕುಡಿದ ಮೇಲಿನದು. ವಾದ್ಯಗಳೆಲ್ಲ ನಿಂತು ಅವಳೊಬ್ಬಳೇ, ನೂಲಿನಷ್ಟು ಸಣ್ಣಗೆ. ಅಷ್ಟರಲ್ಲಿ ಒಂದು ಗಂಡು ದನಿ: "ನೋಡಯ್ಯ, ನನ್ನ ತಂಗಿ ಮಗಳು. ನಾನೇ ಸಾಕಿದ್ದು."

ನನ್ನದೇ.

ರೆಕಾರ್ಡಿಂಗಿನ ಮೈಕು ತೂಗುವುದು ನನ್ನ ಹಗ್ಗದ ಕಂಬದ ನೆತ್ತಿಯ ಮೇಲೆ. ಅದನ್ನು ಅಲ್ಲಿ ಕಟ್ಟಿದವನೂ ನಾನೇ. ಜನಕ್ಕೆ ಕೇಳಿಸಿಲ್ಲ, ಮೈಕಿಗೆ ಕೇಳಿಸಿದೆ. ಹಾಡು ಮುಗಿಯುವವರೆಗೂ ದೀಪದವನ ಕಿವಿಯಲ್ಲಿ ಬಡಾಯಿ. ಆರು ನಿಮಿಷ. ಅವಳ ಕೊನೆಯ ಸ್ವರದ ಮೇಲೆ "ಈ ಗಂಟಲು ನಮ್ಮ ಮನೆತನದ್ದು ಕಣೋ" ಅಂದಿದ್ದೇನೆ.

ಮಾರ್ಚ್ 15

ಮೈಕಿನವನ ಕೈಕಾಲು ಹಿಡಿದೆ. ನನ್ನ ದನಿಯಷ್ಟೇ ಅಳಿಸು ಎಂದೆ. ಎರಡು ದಿನ ಒದ್ದಾಡಿದ. ನಿನ್ನದನ್ನು ಕೆರೆದರೆ ಅವಳದೂ ಕಿತ್ತು ಬರುತ್ತೆ ಎಂದ.

ಸಿಗಲಿಲ್ಲ ಎಂದು ಗುಬ್ಬಿಗೆ ಹೇಳಿದೆ. ನಿನಗೆ ಬಡಾಯಿ ಒಂದೇ ಬರೋದು ಮಾವ, ಸುಳ್ಳು ಬರಲ್ಲ ಎಂದಳು. ಕೈ ಚಾಚಿದಳು. ಆಗ ಕೊಡಲಿಲ್ಲ.

ಮಾರ್ಚ್ 17, ಸಂಜೆ

ಕೊಟ್ಟೆ. ನಾಳೆ ಆಪರೇಷನ್ನು, ಇನ್ನು ಯಾವಾಗ?

ಪೂರ್ತಿ ನೋಡಿದಳು. ಆ ಆರು ನಿಮಿಷ ನಾನು ಗೋಡೆ ನೋಡುತ್ತಿದ್ದೆ. ಇನ್ನೊಂದು ಸಲ ಹಾಕಿದಳು, ನನ್ನ ದನಿಯ ಸಂದಿಯಲ್ಲಿ ತನ್ನದನ್ನು ಹುಡುಕುವವಳ ಹಾಗೆ ಕತ್ತು ಮುಂದೆ ಚಾಚಿ. ಟೀವಿ ಆರಿಸಿ ನನ್ನ ಕಡೆ ತಿರುಗಿದಳು.

"ಆವತ್ತೊಂದು ದಿನ ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತಲ್ಲ ಮಾವ."

ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಮಾರ್ಚ್ 18, ಬೆಳಿಗ್ಗೆ ಎಂಟು

ಒಳಗೆ ಕರೆದೊಯ್ದರು. ಬಾಗಿಲ ತನಕ ತಳ್ಳುಗಾಡಿಯ ಪಕ್ಕದಲ್ಲೇ ನಡೆದೆ. ಅವಳು ಏನೂ ಹೇಳಲಿಲ್ಲ. ಹಾಗಾದರೆ ಅವಳು ನನ್ನೊಡನೆ ಆಡಿದ ಕೊನೆಯ ಮಾತು ನಿನ್ನೆಯದೇ.

ಏಪ್ರಿಲ್ 9

ಕೆಲಸಕ್ಕೆ ಹೋಗಿಲ್ಲ. ಪರದೆ ಬೇರೆಯವರು ಎಳೆಯುತ್ತಿದ್ದಾರೆ. ಎಳೆಯಲಿ.

ಗುಬ್ಬಿ ಮನೆಗೆ ಬಂದು ಆರು ದಿನ. ಕತ್ತಿನಲ್ಲಿ ತೂತು, ಉಸಿರು ಅಲ್ಲಿಂದ. ಪಾಟಿಯ ಮೇಲೆ ಬರೆಯುತ್ತಾಳೆ. ನೀರು. ದಿಂಬು. ಕಿಟಕಿ ಹಾಕು. ಇವತ್ತು, ರೆಕಾರ್ಡಿಂಗು ಎಂದು ಬರೆದಳು. ಆ ಸತ್ತ ಗಾಯಕಿಯದನ್ನು ತಂದುಕೊಟ್ಟೆ. ಅಳಿಸಿ, ನನ್ನದು ಎಂದು ಬರೆದಳು.

ಹಾಕಿದ್ದೇನೆ. ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಕಣ್ಣಿಗೆ ಒಂದು ಕೆಲಸ ಇರಲಿ ಎಂದು. ವಿಷದ ಲೋಟ ಬಂತು. ಹೊರಗೆ ಹೋಗೋಣವೆಂದು ಎದ್ದೆ. ಅಂಗಿಯ ತುದಿ ಹಿಡಿದು ಕೂರಿಸಿದಳು. ಹಿಡಿದ ಕೈ ಬಿಟ್ಟಿಲ್ಲ. ವಾದ್ಯ ನಿಂತಿತು. ಈಗ ಅವಳು. ಇನ್ನೇನು ನಾನು —