ಉಮೈಮಾಳ ಚಿಲಿಗೆ ಒಂದು ಶನಿವಾರ

ಕೊಲಂಬಿಯಾ, ಮೇರಿಲ್ಯಾಂಡ್
12 ಅಕ್ಟೋಬರ್ 2023

ಮಾನ್ಯ ಜೈನಬ್ ಅವರಿಗೆ ವೇದಾ ಮಾಡುವ ನಮಸ್ಕಾರಗಳು.

ನಿಮ್ಮ ಮಗಳು ಮಾಡಿದ ಟೆಕ್ಸಾಸ್ ಶೈಲಿಯ ಬೀಫ್ ಚಿಲಿಯನ್ನು, ಆ ಒಣಮೆಣಸಿನ ಖಾರದ ಮಾಂಸದ ಸಾರನ್ನು, ನೋಡಿ ನೀವು, "ಇದ್ಯಾವ ಚಿಲಿಯಮ್ಮಾ? ನೀರು ಜಾಸ್ತಿಯಾದ ಖೀಮಾ!" ಎಂದು ನಕ್ಕಿರಂತೆ. ಮರುದಿನವೇ ಉಮೈಮಾ ಅಡುಗೆ ಸ್ಪರ್ಧೆಯಿಂದ ಹೆಸರು ಹಿಂತೆಗೆದುಕೊಂಡಳು. ಅವಳ ಅಡುಗೆ ತರಗತಿಯ ಶಿಕ್ಷಕಿಯಾದ ನಾನು ಅದನ್ನು ಮತ್ತೆ ಬರೆಸಿದ್ದೇನೆ.

ಈಗ ಅವಳು ಒಣಮೆಣಸಿನಕಾಯಿಯನ್ನು ಹುರಿದು, ನೆನೆಸಿ, ನಿಮ್ಮಂತೆಯೇ ನುಣ್ಣಗೆ ರುಬ್ಬುತ್ತಾಳೆ. ನಾನು ಸಸ್ಯಾಹಾರಿ, ಘಮ ಹೇಳಬಲ್ಲೆ, ಉಪ್ಪು ಹೇಳಲಾರೆ. "ಆಂಟಿ, ಅಮ್ಮಿ ಟೇಸ್ಟ್ ಮಾಡಿದ್ರೆ ಮಾತ್ರ ಸ್ಪರ್ಧೆಗೆ ಹೋಗ್ತೀನಿ" ಎನ್ನುತ್ತಾಳೆ. ನಿಮ್ಮನ್ನು ಕೇಳಲು ಮಾತ್ರ ಹಿಂಜರಿಯುತ್ತಾಳೆ.

ಶನಿವಾರ ಮಧ್ಯಾಹ್ನ ಎರಡಕ್ಕೆ ನಿಮ್ಮ ಅಡುಗೆಮನೆಯನ್ನು ನಮಗೆ ಬಿಟ್ಟುಕೊಡಿ. ಮಾಂಸ ಬೇಯಲು ಮೂರು ಗಂಟೆ ಬೇಕು, ಎಲ್ಲಿಗೂ ಹೋಗಬೇಡಿ. ಉಪ್ಪು ಕಡಿಮೆಯಾಗಿದ್ದರೆ ಅವಳಿಗೆ ಹೇಳಿ. ಸರಿಯಾಗಿದ್ದರೂ, ದಯವಿಟ್ಟು, ಬಾಯಿಬಿಟ್ಟು ಹೇಳಿ.

ನಿಮ್ಮ ವಿಶ್ವಾಸದ,
ವೇದಾ