ಡುಬ್ಬಣ್ಣನ ಎರಡನೇ ಭಾಗ

ಗಂಗಾವತಿ
೧೨ ಜೂನ್ ೨೦೨೫, ಗುರುವಾರ

ಪ್ರೀತಿಯ ಸಿದ್ದು,

ಹೇಗಿದ್ದೀಯ? ಕೈ ನಡುಗುವುದು ಕಡಿಮೆಯಾಯಿತೇ? ಹೋದ ವಾರ ನೀನು ಬರೆದ ಎಂಟು ಸಾಲಿನಲ್ಲಿ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಆದರೂ ಅದಕ್ಕೂ ಮೊದಲು ಬಂದ ಚೀಟಿಗಿಂತ ಓದಲು ಸಲೀಸಾಗಿತ್ತು. ನಿದ್ದೆ ಬರುತ್ತದೆಯೇ? ಅಲ್ಲಿ ರೊಟ್ಟಿ ಹಾಕುತ್ತಾರೋ, ಮೂರು ಹೊತ್ತೂ ಅನ್ನವೋ ಎಂದು ಅವ್ವ ದಿನಾ ಕೇಳುತ್ತಾಳೆ. ಹುಬ್ಬಳ್ಳಿಯ ನೀರು ನಿನಗೆ ಮೊದಲಿನಿಂದಲೂ ಒಗ್ಗುವುದಿಲ್ಲ; ಕಾಯಿಸಿದ ನೀರು ಕೇಳಿ ಕುಡಿ, ಅದಕ್ಕೆಲ್ಲ ನಾಚಿಕೊಳ್ಳಬೇಡ. ಕುಡಿತ ಬಿಡಿಸುವ ಆ ಕೇಂದ್ರದವರು ಫೋನು ಒಳಗೆ ಬಿಡುವುದಿಲ್ಲ, ಪತ್ರವಾದರೆ ಕೊಡುತ್ತೇವೆ ಎಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಅರ್ಧ ಮಾತು ನುಂಗಿಬಿಡುತ್ತೇನೆ. ಕಾಗದದ ಮೇಲೆ ಪೂರ್ತಿ ಹೇಳಬಹುದು ಅಂದುಕೊಂಡಿದ್ದೇನೆ. ನೋಡೋಣ.

ಇಲ್ಲಿ ಎಲ್ಲರೂ ಇದ್ದೇವೆ. ಅವ್ವನ ಮೊಣಕಾಲು ಹಾಗೇ ಇದೆ. ನಿನ್ನ ಹೆಂಡತಿ ಹೊಳಿಯಮ್ಮ ಬೆಳಿಗ್ಗೆ ರೈಸ್ ಮಿಲ್ಲಿಗೆ ಹೋದರೆ ಸಂಜೆ ತಲೆಯ ತುಂಬ ತೌಡಿನ ಧೂಳು ಹೊತ್ತುಕೊಂಡು ಬರುತ್ತಾಳೆ, ನೀರು ಹಾಕಿಕೊಳ್ಳುವ ತನಕ ಯಾರೊಡನೆಯೂ ಮಾತಿಲ್ಲ. ನಾನು ಕಾಲೇಜಿನ ಗ್ರಂಥಾಲಯದಲ್ಲಿ ರಜೆಯಲ್ಲಿ ಬಂದ ಪುಸ್ತಕಗಳಿಗೆ ನಂಬರು ಹಚ್ಚುತ್ತಿದ್ದೇನೆ. ಕವಿತೆಯ ಪುಸ್ತಕಗಳನ್ನು ಈಗಲೂ ಮನೆಗೆ ತರುತ್ತೇನೆ, ತೆರೆಯುತ್ತೇನೆ, ಮುಚ್ಚುತ್ತೇನೆ. ಒಂದು ಕಾಲಕ್ಕೆ ಯಾವ ದುಃಖಕ್ಕೂ ಎಲ್ಲೋ ಒಂದು ಸಾಲು ಸಿಗುತ್ತದೆ ಎಂದು ನಂಬಿದ್ದೆ. ನೀನು ಮೂರನೆಯ ಸಲ ಆ ಗೇಟಿನೊಳಗೆ ಹೋದ ಮೇಲೆ ಹುಡುಕುವುದನ್ನು ಬಿಟ್ಟಿದ್ದೇನೆ.

ನೀನು ಕೇಳಿದ್ದು ಸಿನಿಮಾದ ಬಗ್ಗೆ. ‘ಸುಕ್ಕೂನ ಕರಕೊಂಡು ಹೋಗಿದ್ದೇನಕ್ಕಾ? ಡುಬ್ಬಣ್ಣ ಹ್ಯಾಂಗದಾನ? ಯಾರ ಬಲ ಏನು, ಕೊರತಿ ಏನು, ಎಲ್ಲಾ ಬರಿ’ ಎಂದು. ಎಂಟು ಸಾಲಿನಲ್ಲಿ ಐದು ಸಾಲು ಒಂಟೆಯ ಬಗ್ಗೆಯೇ ಇದ್ದವು. ಎರಡನೇ ಭಾಗ ಬಂದ ದಿನವೇ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಗಳು ಸುಕನ್ಯಾಳ ತಲೆ ಮುಟ್ಟಿ ಹೇಳಿದವನು ನೀನು. ಅದು ಬಂದ ದಿನ ನೀನು ಎಲ್ಲಿದ್ದೆ, ಯಾರು ಎತ್ತಿಕೊಂಡು ಬಂದರು ಎಂಬುದನ್ನು ಬರೆಯುವುದಿಲ್ಲ. ನಿನಗೆ ನೆನಪಿರಲಾರದು, ಅವಳಿಗೆ ಇದೆ.

ಮೊದಲನೇ ಭಾಗ ನೋಡಿದಾಗ ಸುಕನ್ಯಾಗೆ ಎಂಟು ವರ್ಷ. ಹಿಂದಿಯ ಆ ಗೊಂಬೆ ಸಿನಿಮಾ ಅವಳಿಗೆ ತಿಳಿಯದು ಎಂದು ನೀನು ಕಿವಿಯಲ್ಲಿ ಕನ್ನಡ ಹೇಳುತ್ತ ಹೋದೆ, ಹಿಂದಿನ ಸಾಲಿನವರು ಬೈದರೂ ಬಿಡಲಿಲ್ಲ. ಅದರ ಪ್ರಾಣಿಗಳಿಗೆಲ್ಲ ನಮ್ಮ ಹೆಸರು ಇಟ್ಟವನೂ ನೀನೇ. ನೀರು ಹುಡುಕಿಕೊಂಡು ಮರಳುಗಾಡು ದಾಟುವ ಒಂಟೆ ಡುಬ್ಬಣ್ಣ. ಸಿಡುಕಿನ ಮುಳ್ಳುಹಂದಿ ಮುಳ್ಳವ್ವ. ಎಲ್ಲರ ಮಾತಿಗೂ ತಲೆಯಾಡಿಸುವ ಓತಿಕ್ಯಾತ, ಓತಿ ಮಾಸ್ತರ. ಹರದಾರಿ ದೂರದ ಹೆಜ್ಜೆಯ ಸಪ್ಪಳ ಕೇಳಬಲ್ಲ ಮರಳಿಲಿ, ಚಿಣಿ. ಕೊನೆಯಲ್ಲಿ ಅವರಿಗೆ ಬಾವಿ ಸಿಕ್ಕಿತು, ಅಲ್ಲೇ ನೆಲೆ ನಿಂತರು, ನೀನು ಅತ್ತುಬಿಟ್ಟೆ.

ಮನೆಗೆ ಬಂದು ಆಡಿದ ಆಟ ನೆನಪಿದೆಯಲ್ಲ. ನಮ್ಮ ಅಪ್ಪ ಬೇವೂರಿನ ದೊಡ್ಡಾಟದಲ್ಲಿ ಸಾರಥಿಯಾಗಿದ್ದವನು. ರಾಜನೇ ಬರಲಿ ರಾಕ್ಷಸನೇ ಬರಲಿ, ಅಪ್ಪ ಅಡ್ಡ ನಿಂತು ‘ಬಂದಂಥವರು ತಾವು ಯಾರು, ನಿಮ್ಮ ನಾಮಾಂಕಿತವೇನು’ ಎಂದು ಕೇಳದೆ ರಂಗದೊಳಗೆ ಬಿಡುತ್ತಿರಲಿಲ್ಲ. ಬಂದವರು ‘ಎಲೈ ಸಾರಥಿ’ ಎಂದು ಮೀಸೆ ತಿರುವಿ ತಮ್ಮ ಬಲವನ್ನೆಲ್ಲ ಹೊಗಳಿಕೊಳ್ಳಬೇಕು. ನೀನು ಅಪ್ಪನ ಹಾಗೆ ಪಡಸಾಲೆಯಲ್ಲಿ ಚಾದರ ಕಟ್ಟಿ ಮುಂದೆ ನಿಂತೆ. ಅದರ ಹಿಂದಿನಿಂದ ಸುಕನ್ಯಾ ಒಮ್ಮೆ ಒಂಟೆಯಾಗಿ, ಒಮ್ಮೆ ಓತಿಯಾಗಿ ಬಂದಳು. ‘ಬಲ ಅಷ್ಟ ಹೇಳಿದ್ರ ಒಳಗ ಬಿಡಬ್ಯಾಡಪ್ಪಾ, ಕೊರತಿನೂ ಕೇಳು’ ಎಂಬ ಕಾನೂನು ಮಾಡಿದವಳು ಅವಳು. ‘ನಮ್ಮಪ್ಪ ಈ ಕಾನೂನು ಹಾಕಿದ್ರ ಒಬ್ಬ ರಾಜನೂ ಒಳಗ ಬರ್ತಿರಲಿಲ್ಲ, ಆಟಾನ ನಡೀತಿರಲಿಲ್ಲ’ ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ನನಗೆ ಈಗಲೂ ಕೇಳುತ್ತದೆ, ಅದೇ ತೊಂದರೆ.

ಹೋದ ಶನಿವಾರ ನಾನು, ಸುಕನ್ಯಾ, ಪಕ್ಕದ ಮನೆಯ ತಾಜಬೀ ಮೂವರೂ ಹೋದೆವು. ಹೊಳಿಯಮ್ಮನಿಗೆ ರಜೆ ಸಿಗಲಿಲ್ಲ. ತಾಜಬೀ ‘ನಾ ಯಾಕವಾ, ಹುಡುಗರ ಪಿಚ್ಚರು’ ಎನ್ನುತ್ತಲೇ ಬಂದು ಎಲ್ಲರಿಗಿಂತ ಮುಂಚೆ ಅಳಲು ಶುರು ಮಾಡಿದಳು. ‘ಒಂಟಿಗೆ ಇಷ್ಟ ದುಃಖ ಇರ್ತೈತಿ ಅಂತ ಗೊತ್ತಿದ್ರ ದೊಡ್ಡ ದಸ್ತಿ ತರ್ತಿದ್ದೆ’ ಎಂದಳು. ಈಗ ಒಬ್ಬೊಬ್ಬರನ್ನಾಗಿ ಹೇಳುತ್ತೇನೆ, ನೀನು ಕೇಳಿದ ಹಾಗೆ.

ಮುಳ್ಳವ್ವ ಸಣ್ಣಗಾಗಿದ್ದಾಳೆ. ಯಾರೂ ಮುಟ್ಟದಂತೆ ಇರುವುದು ಅವಳ ಬಲವಾಗಿತ್ತಲ್ಲ, ಆ ಮುಳ್ಳನ್ನೇ ಒಂದೊಂದಾಗಿ ಕಿತ್ತು ಬಾವಿಯ ಸುತ್ತ ಬೇಲಿ ಹಾಕಿದ್ದಾಳೆ. ಬೇಲಿ ಗಟ್ಟಿಯಾಗಿದೆ, ಅವಳ ಮೈ ಬೋಳಾಗಿದೆ. ಅವಳನ್ನು ನೋಡಿದಾಗೆಲ್ಲ ನನಗೆ ಹೊಳಿಯಮ್ಮ ನೆನಪಾದಳು. ಓತಿ ಮಾಸ್ತರ ಈ ಸಲವೂ ಒಂದು ಕಣ್ಣಲ್ಲಿ ಹಿಂದೆ, ಒಂದು ಕಣ್ಣಲ್ಲಿ ಮುಂದೆ ನೋಡುತ್ತಾನೆ, ಆಗಲಿರುವುದೆಲ್ಲ ಅವನಿಗೆ ಮೊದಲೇ ಕಾಣುತ್ತದೆ. ಕಂಡರೂ ಎದುರಿಗೆ ಬಂದವರು ಹೇಳಿದ್ದಕ್ಕೆ ಹೌದು ಹೌದು ಎಂದು ತಲೆಯಾಡಿಸುತ್ತಾನೆ. ಜನ ನಕ್ಕರು. ನನಗೆ ನಗು ಬರಲಿಲ್ಲ.

ನಿನ್ನ ಡುಬ್ಬಣ್ಣ. ಹದಿನೈದು ದಿನ ನೀರಿಲ್ಲದೆ ನಡೆಯಬಲ್ಲವನು. ಬಾವಿ ಸಿಕ್ಕ ಮೇಲೆ ನಡೆಯುವ ಕೆಲಸವೇ ಇಲ್ಲ, ಅವನಿಗೆ ಕೂತು ಬೇಸರ. ಡುಬ್ಬದೊಳಗೆ ಎಷ್ಟಿದೆ, ಎಷ್ಟು ಬರಿದಾಗಿದೆ ಎಂದು ಯಾರಿಗೂ ಹೇಳುವುದಿಲ್ಲ, ಅದೇ ಅವನ ಕೊರತೆ. ಉಪ್ಪು ತರುತ್ತೇನೆ ಎಂದು ಹೊರಡುತ್ತಾನೆ, ತಿಂಗಳುಗಟ್ಟಲೆ ಬರುವುದಿಲ್ಲ. ಬರುವಾಗ ಉಪ್ಪು ಇರುವುದಿಲ್ಲ, ಯಾವುದೋ ಬಣ್ಣದ ಸಾಮಾನು ಇರುತ್ತದೆ. ಎಲ್ಲರೂ ಸುತ್ತ ಕೂಡಿ ಹಾಡುತ್ತಾರೆ, ಕ್ಷಮಿಸುತ್ತಾರೆ. ಎರಡು ಸಲ ಹೀಗಾಯಿತು. ಚಿಣಿ ಮಾತ್ರ ಊಟ ಬಿಟ್ಟು ಬಾವಿಯ ಕಟ್ಟೆಯ ಮೇಲೆ ಕಿವಿ ನಿಮಿರಿಸಿಕೊಂಡು ಕೂತಿರುತ್ತಾಳೆ. ಮೂರನೆಯ ಸಲ ಡುಬ್ಬಣ್ಣನ ಕೊರಳಿನ ಗಂಟೆಯ ಸಪ್ಪಳ ಕೇಳಿತು. ಚಿಣಿ ಓಡಿಹೋಗಿ ಬೇಲಿಯ ಬಾಗಿಲು ತೆಗೆದಳು. ಬಂದದ್ದು ಕತ್ತೆಕಿರುಬಗಳು. ಡುಬ್ಬಣ್ಣ ಎಲ್ಲೋ ಕಳೆದುಕೊಂಡಿದ್ದ ಗಂಟೆಯನ್ನು ಕಟ್ಟಿಕೊಂಡು ಬಂದಿದ್ದವು. ಆಮೇಲೆ ಅವನೂ ಬಂದ, ಹೊಡೆದಾಡಿದ, ಗೆದ್ದ. ದೊಡ್ಡ ಹಾಡಾಯಿತು. ಥಿಯೇಟರಿನಲ್ಲಿ ಚಪ್ಪಾಳೆ, ಸಿಳ್ಳೆ, ತಾಜಬೀಯ ಅಳು.

ಸುಕನ್ಯಾ ಕೈ ಕಟ್ಟಿಕೊಂಡು ಕೂತಿದ್ದಳು. ಆಟೋದಲ್ಲಿ ಬರುವಾಗ ಒಂದೇ ಮಾತು ಕೇಳಿದಳು: ‘ಅತ್ತಿ, ಎರಡನೇ ಭಾಗದಾಗೂ ಅಂವ ಅದನ್ನ ಮಾಡೂದಿದ್ರ, ಮೊದಲನೇ ಭಾಗ ಯಾಕ ಬೇಕಾಗಿತ್ತು?’ ನಾನು ಎಂ.ಎ. ಮಾಡಿದವಳು, ಇಪ್ಪತ್ತು ವರ್ಷ ಪುಸ್ತಕಗಳ ನಡುವೆ ಇದ್ದವಳು. ಎರಡನೇ ಭಾಗ ಎಂಬುದು ಬರಬೇಕಾದರೆ ಮೊದಲನೆಯದರಲ್ಲಿ ಗೆದ್ದವನು ಮತ್ತೆ ಬೀಳಲೇಬೇಕಲ್ಲ, ಇಲ್ಲದಿದ್ದರೆ ಕಥೆ ಎಲ್ಲಿಂದ ಬಂತು? ಹೀಗೆ ಹೇಳಬಹುದಿತ್ತು. ಹನ್ನೊಂದು ವರ್ಷದ ಮಗುವಿಗೆ ಹೇಳುವ ಮಾತೇ ಅದು? ‘ಮುಂದಿನದ್ರಾಗ ಸುಧಾರಸ್ತಾನೇಳು’ ಎಂದೆ. ಅವಳು ನನ್ನ ಮುಖ ನೋಡಿ, ‘ನೀ ಓತಿ ಮಾಸ್ತರ’ ಎಂದಳು.

ನಿಜ ಸಿದ್ದು. ಮೊದಲನೆಯ ಸಲ ನೀನು ಹುಬ್ಬಳ್ಳಿಯಿಂದ ಬಂದಾಗ ನೀನು ಹೇಳಿದ್ದಕ್ಕೆ ನಾನು ತಲೆಯಾಡಿಸಿದೆ. ಎರಡನೆಯ ಸಲವೂ. ಮುಂದೇನಾಗುತ್ತದೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ಆ ಕೂಸಿಗೆ ‘ಈ ಸಲ ಖರೇನ ಬಿಟ್ಟಾನವ್ವ’ ಎಂದು ಹೇಳಿದವಳು ನಾನು. ಹೊಳಿಯಮ್ಮ ಒಂದು ದಿನವೂ ಹಾಗೆ ಹೇಳಲಿಲ್ಲ. ಅವಳು ಕಲ್ಲು ಎಂದು ನಾನು ಅಂದುಕೊಂಡಿದ್ದೆ. ನಾನು ಪ್ರೀತಿ ಎಂದುಕೊಂಡು ಮಾಡಿದ್ದು ಮಗುವನ್ನು ಕಟ್ಟೆಯ ಮೇಲೆ ಕೂರಿಸುವ ಕೆಲಸ.

ಭಾನುವಾರ ಮಧ್ಯಾಹ್ನ ಅವಳೇ ಚಾದರ ಕಟ್ಟಿದಳು. ನೀನು ನಿಲ್ಲುತ್ತಿದ್ದ ಜಾಗದಲ್ಲಿ ನನ್ನನ್ನು ನಿಲ್ಲಿಸಿದಳು. ನನ್ನ ಬಾಯಿಂದ ಸಾರಥಿಯ ಮಾತು ಹೊರಡಲಿಲ್ಲ. ಅವ್ವ ಗೋಡೆಗೆ ಒರಗಿ ಕೂತವಳು, ‘ಎಂ.ಎ. ಓದಿದಾಕಿಗೆ ನಾಕು ಮಾತು ಬರವಲ್ವು. ನಿಮ್ಮಪ್ಪ ಸಾಲಿ ಮುಖಾನ ನೋಡಿರಲಿಲ್ಲ, ಊರ ಮಂದಿ ಬೆಳತನಕ ಕುಂತು ಕೇಳ್ತಿತ್ತು’ ಎಂದು ಚುಚ್ಚಿದಳು. ಹೇಗೋ ಕೇಳಿದೆ. ಮುಳ್ಳವ್ವ ಬಂದಳು, ಓತಿ ಮಾಸ್ತರ ಬಂದ. ಓತಿ ನನ್ನ ಹಾಗೆಯೇ ಕನ್ನಡಕ ಮೇಲೇರಿಸಿಕೊಂಡು ತಲೆಯಾಡಿಸಿತು, ಅವ್ವ ನಕ್ಕಳು, ಹೊಳಿಯಮ್ಮನೂ ಒಲೆಯ ಮುಂದಿನಿಂದ ಬಗ್ಗಿ ನೋಡಿ ನಕ್ಕಳು. ಆಮೇಲೆ ಎಷ್ಟು ಹೊತ್ತಾದರೂ ಚಾದರ ಅಲುಗಲಿಲ್ಲ. ‘ಡುಬ್ಬಣ್ಣ ಎಲ್ಲಿ ಅದಾನವಾ’ ಎಂದು ಅವ್ವ ಕೂಗಿದಳು. ಹಿಂದಿನಿಂದ ಬಂತು ಉತ್ತರ: ‘ಅಂವ ಊರಾಗಿಲ್ಲ.’

ಆಮೇಲೆ ಹೊರಗೆ ಬಂದಳು. ವೇಷವಿಲ್ಲ, ಇಲಿಯ ಕಿವಿಯಿಲ್ಲ, ಮನೆಯಲ್ಲಿ ಹಾಕಿಕೊಳ್ಳುವ ಹಳೆಯ ಫ್ರಾಕು. ನಾನು ಚಿಣಿ ಎಂದೇ ತಿಳಿದು, ಬಂದಂಥವರು ತಾವು ಯಾರು ಎಂದೆ. ‘ಎಲೈ ಸಾರಥಿ, ನನ್ನ ನಾಮಾಂಕಿತ ಸುಕನ್ಯಾ’ ಎಂದಳು. ನಿಮ್ಮ ಬಲವೇನು ಎಂದೆ. ‘ಓಣಿ ತುದಿಗೆ ಅಪ್ಪನ ಹೆಜ್ಜಿ ಸಪ್ಪಳ ಬಿದ್ರ ಸಾಕು, ಕುಡದಾನೋ ಇಲ್ಲೋ ಹೇಳ್ತೀನಿ. ಒಂದು ಸಲಾನೂ ತಪ್ಪಿಲ್ಲ.’ ಹೊಳಿಯಮ್ಮನ ಕೈಯ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ಅಲ್ಲಿಗೇ ಆಟ ನಿಲ್ಲಿಸಬೇಕಿತ್ತು. ಆದರೆ ಅದು ಅವಳದೇ ಕಾನೂನು, ಕೇಳದಿದ್ದರೆ ಒಳಗೆ ಬಿಡುವಂತಿಲ್ಲ. ನಿಮ್ಮ ಕೊರತೆ ಏನು ಎಂದೆ. ‘ಗೊತ್ತಿದ್ರೂ ಎದ್ದು ಬಾಗಲಾ ತಗೀತೀನಿ’ ಎಂದಳು. ಮತ್ತೆ ಸಾರಥಿಗೆ ಹೇಳುವ ದನಿಯಲ್ಲೇ, ‘ಎರಡನೇ ಭಾಗದಾಗ ತಗ್ಯಾಂಗಿಲ್ಲ’ ಎಂದಳು.

ಅಳಲಿಲ್ಲ ಅವಳು. ಅತ್ತಿದ್ದರೆ ನಾನು ಎತ್ತಿಕೊಂಡು ಏನಾದರೂ ಹೇಳುತ್ತಿದ್ದೆ. ಚಾದರ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಗೂಟದ ಮೇಲೆ ಹಾಕಿ, ರೊಟ್ಟಿ ತಿನ್ನಲು ಕೂತಳು.

ಇದನ್ನು ಓದಿ ನೀನು ಅಳುತ್ತೀಯ, ನನಗೆ ಗೊತ್ತು. ಅತ್ತ ಮೇಲೆ ಹಗುರಾಗುತ್ತೀಯ, ಅದೂ ಗೊತ್ತು. ಹಗುರಾಗಲಿ ಎಂದು ಬರೆದದ್ದಲ್ಲ. ನೀನು ಸುಧಾರಿಸುತ್ತೀಯೋ ಇಲ್ಲವೋ ಎಂದು ಯೋಚಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲ ಸಿದ್ದು. ಮೊದಲೆರಡು ಸಲ ಕ್ಯಾಲೆಂಡರಿನಲ್ಲಿ ನೀನು ಬರುವ ದಿನಕ್ಕೆ ಗುರುತು ಹಾಕಿದ್ದೆ. ಈ ಸಲ ಹಾಕಿಲ್ಲ. ನಿನ್ನನ್ನು ಬಗಲಲ್ಲಿ ಕೂರಿಸಿಕೊಂಡು ಬೇವೂರಿನ ಆಟಕ್ಕೆ ಕರೆದೊಯ್ದವಳು ನಾನು, ಅಪ್ಪನ ಬಣ್ಣದ ಮುಖ ನೋಡಿ ಹೆದರಿ ನೀನು ಮುಖ ಮುಚ್ಚಿಕೊಂಡದ್ದು ನನ್ನ ಮಡಿಲಲ್ಲಿ. ಆ ಹುಡುಗನ ಮೇಲಿನ ಪ್ರೀತಿ ಹೋಗಿಲ್ಲ. ಅದನ್ನು ಏನು ಮಾಡಬೇಕು ಎಂದು ಮಾತ್ರ ತಿಳಿಯುತ್ತಿಲ್ಲ.

ಹೊಟ್ಟೆ ತುಂಬ ಉಣ್ಣು. ಅಲ್ಲಿಯವರ ಮಾತು ಕೇಳು. ಅವ್ವ ನಿನ್ನ ಹೆಸರಿನಲ್ಲಿ ದೃಷ್ಟಿ ತೆಗೆದು ಹಾಕಿದ್ದಾಳೆ, ಹೊಳಿಯಮ್ಮ ಏನೂ ಹೇಳಿ ಕಳಿಸಿಲ್ಲ, ತಾಜಬೀ ಸಲಾಂ ಹೇಳಿದ್ದಾಳೆ. ನಿನ್ನ ಮೈಯಾದರೂ ನೆಟ್ಟಗಾಗಲಿ ಎಂದು ಹರಸುವ,

ನಿನ್ನ ಅಕ್ಕ
ನೇತ್ರಾವತಿ

ಮರೆತ ಮಾತು: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಸುಕನ್ಯಾಗೆ ಕುಷ್ಟಗಿ ಕಡೆಯ ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿದೆ, ಸೋಮವಾರ ಬಿಟ್ಟು ಬರುತ್ತೇವೆ. ಅರ್ಜಿ ಹಾಕೋಣ ಎಂದವಳು ಅವಳೇ. ತಿಂಗಳಿಗೊಂದು ಭಾನುವಾರ ಮನೆಯವರು ಹೋಗಿ ನೋಡಬಹುದು, ಆದರೆ ಫಾರಂನಲ್ಲಿ ಹೆಸರು ಮತ್ತು ಫೋಟೋ ಕೊಟ್ಟ ನಾಲ್ಕು ಜನರನ್ನು ಮಾತ್ರ ಗೇಟಿನೊಳಗೆ ಬಿಡುತ್ತಾರೆ. ಸುಕನ್ಯಾ ಹೇಳುತ್ತ ಹೋದಳು, ನಾನು ತುಂಬುತ್ತ ಹೋದೆ. ಹೊಳಿಯಮ್ಮ, ಅವ್ವ, ನಾನು. ನಾಲ್ಕನೆಯ ಸಾಲಿಗೆ ಬಂದಾಗ ನಾನು ಕೇಳದೆಯೇ ‘ಸಿ’ ಬರೆದಿದ್ದೆ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಅದನ್ನು ಹೊಡೆದುಹಾಕಿ, ತಾಜಬೀ ಎಂದು ಬರೆದಳು. ಅಲ್ಲಿಂದ ಹೊರಬಿದ್ದವನೇ ನೇರ ಕುಷ್ಟಗಿ ಬಸ್ಸು ಹತ್ತಬೇಡ.